ನೂರಾ ಎಂಬತ್ತರದು

ದುರ್ಗದಬೈಲಿನಾಗ ನನ್ನ ಅಂಗಡಿ ಅಂದ್ರ
ಒಂದು ತಗಡಿನ ಡಬ್ಬಿ, ಅದಕ್ಕೊಂದು ಛತ್ರಿ.
ಎಡಕ್ಕ ಗಿರ್ಮಿಟ್ಟಿನ ಬಂಡಿ, ಬಲಕ್ಕ ಬಳಿ ಮಾರೋ ಶಿವಗಂಗಕ್ಕ,
ನಡುವ ನಾನು, ಇಳಿಬಿಟ್ಟ ವಾಯರುಗಳ ಹಿಂದ,
ಒಣ ಹಾಕಿದ ಶಾವಗಿ ಸರಿಸಿ ಇಣುಕಿದಂಗ.

ಬರೋರು ಕೇಳೋದು ಒಂದ: "ಬೇಸ್ ಐತೇನು?"
ಐತ್ರೀ ಅಂತೀನಿ. ಎಲ್ಲಾದಕ್ಕೂ ಐತಿ.
ಬೇಸ್ ಇಲ್ಲದ್ದು ಈ ಊರಾಗ ಏನೈತಿ,
ಆಟೋದಾಗ ಐತಿ, ಲಗ್ನದಾಗ ಐತಿ,
ಗಣಪತಿ ಕಳಸೋ ದಿನ ಎದಿಗೂಡಿನಾಗ ಐತಿ.

ಪೇಟಿ ದಾವಲಸಾಬರು ಮಾತ್ರ ಹಂಗ ಕೇಳಲಿಲ್ಲ.
ನಲವತ್ತು ವರ್ಷ ಹಾರ್ಮೋನಿಯಂ ರಿಪೇರಿ ಮಾಡಿದ ಬೆರಳು,
ಉಗುರಿನ ಸಂದಿಯೊಳಗ ಹಿತ್ತಾಳಿ ಪುಡಿ.
"ಮೂರು ತೋರ್ಸು ತಂಗಿ. ಭಾಳ ತುಟ್ಟಿದು ಬ್ಯಾಡ."
ಕಿಸೆದಿಂದ ಫೋನ್ ತಗದ್ರು. ಹಾಡಿಲ್ಲ ಅದರಾಗ.
ಒಂದ ಪೇಟಿ, ಒಂದೊಂದ ಪಟ್ಟಿ ಒತ್ತಿ ರೆಕಾರ್ಡ್ ಮಾಡಿದ್ದು,
ಖರ್ಜದ ಸಾದಿಂದ ಮ್ಯಾಲಿನ ಕಡೀ ರೀಡಿನ ತನಕ.

ಮೊದಲನೇದು ಒಂಬೈನೂರರದು.
ಕಿವಿಗೆ ಇಟ್ಕೊಂಡ್ರು, ಕಣ್ಣು ಮುಚ್ಚಿದ್ರು.
"ಇದು ಮಾತಾಡೂದಿಲ್ಲ, ತೇಗತೈತಿ.
ಕೆಳಗಿನ ಸಾ ಬಂದು ಎಲ್ಲಾರ ಜಾಗಾದಾಗೂ
ಕಾಲು ಚಾಚಿ ಮಲಗ್ಯಾನ."

ಎರಡನೇದು ಐದುನೂರಾ ಐವತ್ತು, ಲೋಹದ ಮೈ.
"ಸ್ವಚ್ಛ ಐತಿ. ಆದ್ರ ಭಾಳ ತೊಳದಾರ.
ಕಟಗಿ ಎಲ್ಲಿ ಹೋತು? ಪೇಟಿ ಅಂದ್ರ ಕಟಗೀನೂ ಹೌದಲ್ಲ."

ಮೂರನೇದು ನೂರಾ ಎಂಬತ್ತರದು. ಹೆಸರಿಲ್ಲ ಅದಕ್ಕ.
ಬಿಳೀ ವಾಯರು, ಗುರುತಿನ ಅಕ್ಷರ ಅಳಿಸಿ ಹೋಗೇತಿ,
ಎಡಾ ಯಾವುದು ಬಲಾ ಯಾವುದು ನನಗೂ ಗೊತ್ತಿಲ್ಲ.
ಭಾಳ ಹೊತ್ತು ಸುಮ್ಮನಿದ್ರು.
ಗಿರ್ಮಿಟ್ಟಿನವ ಉಳ್ಳಾಗಡ್ಡಿ ಹೆಚ್ಚೋದು ನಿಂದ್ರಿಸಿ ನೋಡಿದ.
"ಇವ ಬಡವ," ಅಂದ್ರು. "ಕೆಳಗೂ ಇಲ್ಲ, ಮ್ಯಾಲೂ ಇಲ್ಲ.
ನಡುವ ಮಾತ್ರ ಖರೇ ಹೇಳ್ತಾನ."

ಆಮ್ಯಾಲ ನನ್ನ ಕೈಗೆ ಕೊಟ್ರು.
"ಕಡೀ ರೀಡಿನಾಗ ಒಂದು ಚಿರ್ ಐತೇನು ನೋಡು.
ಸಣ್ಣಂದು. ನೊಣ ಕಾಗದದಾಗ ಸಿಕ್ಕಂಗ.
ಗಿರಾಕಿ ಐತಿ ಅಂತಾನ."

ಇತ್ತು.
ಬಡವನೊಳಗೂ ಇತ್ತು,
ಐದುನೂರಾ ಐವತ್ತರಾಗ ಸೂಜಿ ಚುಚ್ಚಿದಂಗ ಇತ್ತು,
ಆ ತೇಗಿನ ಹಿಂದೂ ಇತ್ತು.
ಆವಾಗ ತಿಳೀತು,
ಅವರು ತೂಗಿ ನೋಡಾಕ ಬಂದದ್ದು ಇವನ್ನಲ್ಲ.

"ಇಲ್ರೀ ಚಾಚಾ," ಅಂದೆ. "ಏನೂ ಕೇಳ್ಸವಲ್ದು.
ಸಸ್ತಾ ಮಾಲು, ಅಷ್ಟ ಇವುಗಳ ಹಣೇಬರ."

ನಕ್ಕರು. ಹಲ್ಲಿನ ಸಂದಿಯಿಂದ ಗಾಳಿ ಬಂತು, ಹರಕ ತಿದಿ ಹಂಗ.
"ಮ್ಯಾಲಿಂದು ಹೋಗೇತಿ ನನಗ, ಖರೇ.
ಆದ್ರ ಸುಳ್ಳು ನಡುವಿನ ಸಪ್ತಕದಾಗ ಇರತೈತಿ ತಂಗಿ.
ಅಲ್ಲಿ ಇನ್ನೂ ಚೊಲೋ ಕೇಳತೈತಿ."

ಒಂದೂ ತಗೊಳ್ಳಲಿಲ್ಲ.
ಗಿರ್ಮಿಟ್ಟು ಎರಡು ಪ್ಲೇಟ್ ಹೇಳಿದ್ರು,
ನನ್ನ ಪ್ಲೇಟಿನ ಮೆಣಸಿನಕಾಯಿ ತಾವ ತಗೊಂಡ್ರು.
"ಎಷ್ಟು ದಪ್ಪ ಐತಿ ಆ ಚಿರ್?"
ಬೆರಳಿನಾಗ ತೋರಿಸಿದೆ. ಇಷ್ಟು.
ಅರ ಎಷ್ಟು ಸರ್ತಿ ಎಳೀಬೇಕು ಅಂತ
ತುಟಿಯೊಳಗ ಎಣಸಾಕತ್ತಿದ್ರು.
ರೆಕಾರ್ಡ್ ನನ್ನ ಫೋನಿಗೆ ಹಾಕಿ ಹೋದ್ರು:
"ಬೇಸ್ ಬೇಸ್ ಅನ್ನೋರಿಗೆ ಇದನ್ನ ಹಚ್ಚು. ಸುಮ್ಮನಾಗ್ತಾರ."

ರಾತ್ರಿ ಛತ್ರಿ ಮಡಚಿ, ಸ್ಪಿರಿಟ್ ಅರಳಿಲೆ ಎಲ್ಲಾ ಒರಸಿ,
ಚಿಗರಿ ಬಸ್ಸಿನ ಕಿಡಕಿ ಸೀಟಿನಾಗ ಕುಂತು
ಮತ್ತ ಹಚ್ಚಿದೆ, ಮೂರರಾಗೂ, ಒಂದಾದ ಮ್ಯಾಲ ಒಂದು.
ನವಲೂರು ದಾಟಿದ ಮ್ಯಾಲ, ಆ ಬಡವನೊಳಗ,
ಎರಡು ಸ್ವರದ ನಡುವ ಬ್ಯಾರೇದೇನೋ ಕೇಳ್ತು.
ಮೊದಲು ತಿದಿ ಅಂದ್ಕೊಂಡೆ. ತಿದಿ ಅಲ್ಲ.
ಪಟ್ಟಿ ಒತ್ತೋಕಿಂತ ಮೊದಲ
ಅವರು ಉಸುರು ಹಿಡಿಯೋದು, ಒತ್ತಿದ ಮ್ಯಾಲ ಬಿಡೋದು.
ಒಂಬೈನೂರರದು ಅದನ್ನ ನುಂಗಿತ್ತು,
ಐದುನೂರಾ ಐವತ್ತರದು ತೊಳದಿತ್ತು.

ಕಡೀ ರೀಡಿಗೆ ಮಾತ್ರ
ಹಿಡದದ್ದು ಬಿಟ್ಟಿದ್ದಿಲ್ಲ.
ರೆಕಾರ್ಡ್ ಅಲ್ಲಿಗೇ ಮುಗದಿತ್ತು.