ಲ್ಯಾಂಡ್‌ಮಾರ್ಕ್

ರಾತ್ರಿ ಪಾಳಿಯಲ್ಲಿ ದಾವಣಗೆರೆ
ಪರದೆಯ ಮೇಲೆ ಅಂಗೈಯಷ್ಟು.
ಹೊಯ್ಸಳ ಗಾಡಿಗಳು ಹಸಿರು ಚುಕ್ಕಿ:
ಒಂದು ಪಿ.ಬಿ. ರಸ್ತೆಯಲ್ಲಿ, ಒಂದು ಬಾಡಾ ಕ್ರಾಸಿನಲ್ಲಿ,
ಇನ್ನೊಂದು ಕುಂದುವಾಡ ಕೆರೆ ಏರಿಯ ಮೇಲೆ
ಅರ್ಧ ಗಂಟೆಯಿಂದ ಅಲ್ಲಾಡಿಲ್ಲ.
ಡ್ರೈವರ್ ಮಲಗಿದ್ದಾನೆ. ನನಗೆ ಗೊತ್ತು. ಹೇಳುವುದಿಲ್ಲ.

ಕರೆ ಮೊದಲು ಬೆಂಗಳೂರಿಗೆ ಹೋಗಿ
ಅಲ್ಲಿ ಯಾರೋ ಟೈಪು ಮಾಡಿ
ನಮ್ಮ ಪರದೆಗೆ ಕೆಂಪಾಗಿ ಬೀಳುತ್ತದೆ:
ಗಲಾಟೆ. ಗಂಡ ಹೆಂಡತಿ. ನಿಟುವಳ್ಳಿ.
ಆ ಮೂರಕ್ಷರದೊಳಗೆ
ಚಿಲಕ ಯಾವ ಕಡೆಯಿಂದ ಹಾಕಿದೆ ಅಂತ ಇರುವುದಿಲ್ಲ.
ನಾನು ತಿರುಗಿ ಫೋನು ಮಾಡಿ ಕೇಳಬೇಕು,
ಎಲ್ಲಿದೀರಿ.

ಹತ್ತೊಂಬತ್ತು ತಿಂಗಳಿಂದ ಕೇಳುತ್ತಿರುವುದು ಅದೊಂದೇ.
ಎಲ್ಲಿದೀರಿ, ಹತ್ತಿರ ಏನೈತಿ, ಲ್ಯಾಂಡ್‌ಮಾರ್ಕ್ ಹೇಳಿ.
ತಾವಿರುವ ಬೀದಿಯ ಹೆಸರು ಯಾರಿಗೂ ಗೊತ್ತಿಲ್ಲ.
‘ಮೊದಲು ಟಾಕೀಸ್ ಇತ್ತಲ್ರೀ, ಅದರ ಹಿಂದೆ.’
‘ಚನ್ನವೀರಣ್ಣನ ಅಂಗಡಿ, ಮೇಡಂ. ಚನ್ನವೀರಣ್ಣ ಗೊತ್ತಿಲ್ವಾ?’
ಹೈವೇ ಪಕ್ಕ ಬೈಕಿನ ಸಮೇತ ಉರುಳಿದವನೊಬ್ಬ
‘ಸುತ್ತ ಮೆಕ್ಕೆಜೋಳ, ಮ್ಯಾಲೆ ಚುಕ್ಕಿ’ ಅಂದ.
ಚುಕ್ಕಿ ಯಾವ ಠಾಣೆ ವ್ಯಾಪ್ತಿಗೆ ಬರ್ತದೆ ನೋಡು ಕೊಟ್ರಮ್ಮ,
ಹೆಡ್ ಕಾನ್‌ಸ್ಟೇಬಲ್ ತಿಪ್ಪೇಶಪ್ಪ ನಕ್ಕರು.
ಅವನು ಸಿಗುವ ತನಕ ಆಮೇಲೆ ನಗಲಿಲ್ಲ.

ಮೂರು ಹತ್ತಕ್ಕೆ ಒಂದು ಹುಡುಗನ ದನಿ.
‘ಅಮ್ಮಿ ಬಿದ್ದಾಳೆ. ಏಳ್ತಾ ಇಲ್ಲ.’
ಎಲ್ಲಿದೀಯಪ್ಪ?
‘ಮಂಡಕ್ಕಿ ಭಟ್ಟಿ.’
ಯಾವ ಭಟ್ಟಿ?
‘ನಮ್ಮ ಭಟ್ಟಿ.’

ಸಾಲು ಸಾಲು ಭಟ್ಟಿ ಅಲ್ಲಿ. ಒಂದೇ ತಗಡು, ಒಂದೇ ಮಸಿ,
ಒಂದರ ಗೋಡೆ ಇನ್ನೊಂದಕ್ಕೆ ಒರಗಿ ನಿಂತಿದೆ.
ಟವರಿನ ವೃತ್ತ ಇಡೀ ಬಡಾವಣೆಯನ್ನು
ತಟ್ಟೆಯ ಹಾಗೆ ಮುಚ್ಚಿ ಕೂತಿದೆ.
ಹೊರಗೆ ಬಂದು ನೋಡು ಕಂದಾ, ಏನು ಕಾಣ್ತೈತಿ?
‘ಹೊಗೆ.’
ನಿಮ್ಮ ಭಟ್ಟೀದಾ?
ಸ್ವಲ್ಪ ಹೊತ್ತು ಉಸಿರು ಮಾತ್ರ.
‘ಇಲ್ಲ. ನಮ್ದು ಬರ್ತಾ ಇಲ್ಲ.
ಬೆಂಕಿ ಹಾಕೋದು ಅಮ್ಮಿ.’

ಎದ್ದು ನಿಂತೇಬಿಟ್ಟಿದ್ದೆ, ಹೆಡ್‌ಫೋನಿನ ವೈರು ಕತ್ತು ಜಗ್ಗಿದಾಗ ಗೊತ್ತಾಯಿತು.
ಮೈಕಿನಲ್ಲಿ ಹೇಳಿದೆ: ಮೇಲೆ ನೋಡ್ಕೊಂಡು ಹೋಗಿ,
ಹೊಗೆ ಇಲ್ಲದ ಕೊಳವೆ ಹುಡುಕಿ.
‘ಏನಿಲ್ಲದ್ದು? ಓವರ್.’
ಹೊಗೆ. ಹೊಗೆ ಇಲ್ಲದ್ದು.
ತಿಪ್ಪೇಶಪ್ಪ ಆಗಲೇ ಆಂಬುಲೆನ್ಸಿನವರ ಜೊತೆ
ಇನ್ನೊಂದು ಫೋನಿನಲ್ಲಿ ಜಗಳಕ್ಕೆ ಬಿದ್ದಿದ್ದರು.

ಹುಡುಗನನ್ನು ಲೈನಿನಲ್ಲೇ ಇರಿಸಿಕೊಂಡೆ.
ಹೆಸರು ಸುಹೇಲ್. ನಾಲ್ಕನೇ ಕ್ಲಾಸು.
ಅಮ್ಮಿಯ ಕೈ ಮುಟ್ಟಿ ನೋಡು, ಬೆಚ್ಚಗೈತಾ?
‘ಐತಿ.’
ನನ್ನ ಎದೆ ಇಳಿಯುವಷ್ಟರಲ್ಲಿ ಅವನೇ ಸೇರಿಸಿದ:
‘ಇಲ್ಲಿ ನೆಲಾನೂ ಬೆಚ್ಚಗೇ ಇರ್ತೈತಿ ಮೇಡಂ.’

ಆಮೇಲೆ ವೈರ್‌ಲೆಸ್ಸಿನಲ್ಲಿ ‘ಸಿಕ್ತು’ ಎಂಬ ಒಂದು ಮಾತು,
ಫೋನಿನಲ್ಲಿ ಬೂಟು, ತಗಡಿನ ಬಾಗಿಲು,
ಯಾರೋ ‘ಸರಿ ಸರಿ’ ಅಂದದ್ದು. ಕಟ್.
‘ಆಸ್ಪತ್ರೆಗೆ ಸಾಗಿಸಲಾಗಿದೆ’, ಒತ್ತಿದೆ. ಸಾಲು ಬೂದು ಬಣ್ಣಕ್ಕೆ ತಿರುಗಿತು.
ಅದರ ಮೇಲೆ ಆಗಲೇ ಕೆಂಪು: ಕುಡಿದ ಮತ್ತು. ಬಸ್ ಸ್ಟ್ಯಾಂಡ್.
ನಮಗೆ ಅಷ್ಟೇ ಕೊಡುವುದು. ಮುಂದಿನದು ಬೇರೆಯವರ ಡ್ಯೂಟಿ.

ವಾರದ ರಜೆಯ ದಿನ, ಬೆಳಗಿನ ಜಾವ,
ನಿದ್ದೆಗೆ ಇದು ರಾತ್ರಿ ಅಂತ ಇನ್ನೂ ನಂಬಿಕೆ ಬಂದಿರಲಿಲ್ಲ.
ಸ್ಕೂಟಿ ಹತ್ತಿ ಆ ಕಡೆ ಹೋದೆ.
ಕತ್ತೆತ್ತಿದೆ.
ಎಲ್ಲ ಕೊಳವೆಗಳಲ್ಲೂ ಹೊಗೆ, ಒಂದೂ ಬಿಡದೆ.
ಅವಳೇ ಎದ್ದು ಬಂದಳೋ
ಇನ್ಯಾರಾದರೂ ಒಲೆಗೆ ಹೊಟ್ಟು ಸುರಿಯುತ್ತಿದ್ದಾರೋ.

ಚೀಲ ಹೊಲಿಯುತ್ತಿದ್ದ ಮುದುಕ ದಬ್ಬಳ ನಿಲ್ಲಿಸಿ ಕೇಳಿದ:
‘ಯಾವ ಭಟ್ಟಿ ಬೇಕಿತ್ತಮ್ಮ? ಗುರುತು ಏನಾದ್ರೂ ಹೇಳು.’
ನನಗೆ ಗೊತ್ತಿದ್ದ ಗುರುತು ಒಂದೇ.
ಎರಡು ಸೇರು ಮಂಡಕ್ಕಿ ಕೊಡಿ ಅಂದೆ.
ಇನ್ನೂ ಬಿಸಿಯಿತ್ತು.