ಮೂರು ಮೂಲೆಯ ರೊಟ್ಟಿ

ನಾಲ್ಕು ಗಂಟೆಗೆ ಕರೆಂಟು ಹೋಯಿತು.
ಇಪ್ಪತ್ತೆರಡು ಹೊಲಿಗೆ ಯಂತ್ರ ಒಮ್ಮೆಗೇ ಬಾಯಿ ಮುಚ್ಚಿದಾಗ
ಕೌಲ್ ಬಜಾರಿನ ಈ ಮಾಳಿಗೆಯಲ್ಲಿ
ಉಳಿದದ್ದು ಒಂದೇ ಸದ್ದು:
ಹುಲುಗೆಮ್ಮ ಏನನ್ನೋ ಕಡಿಯುತ್ತಿದ್ದಳು.

ಕುರುಂ.
ತಡೆದು, ಇನ್ನೊಮ್ಮೆ ಕುರುಂ.

ಎಲ್ಲರೂ ತಿರುಗಿದೆವು.
ಸಿಕ್ಕಿಬಿದ್ದವಳ ನಗೆ ನಕ್ಕು
ಮಡಿಲಿನ ಪೊಟ್ಟಣ ಬಿಚ್ಚಿದಳು.
ಮೆಕ್ಕೆಜೋಳದ ಚಿಪ್ಸು, ಮುರುಕು ಮಾಲು,
ಕಾಲು ಕೆಜಿಗೆ ಇಪ್ಪತ್ತೈದು ರೂಪಾಯಿ.
ಇಡಿಯಾದವು ಪ್ಯಾಕೆಟ್ಟಿಗೆ ಹೋಗುತ್ತವೆ,
ಚೂರಾದವು ತಳ್ಳುಗಾಡಿಗೆ, ಅಲ್ಲಿಂದ ನಮಗೆ.

ಏಪ್ರಿಲ್ಲಿನ ಬಳ್ಳಾರಿ. ಫ್ಯಾನು ನಿಂತು
ಬೆನ್ನಿಗೆ ರವಿಕೆ ಅಂಟಿತ್ತು.
ನಮ್ಮ ಬೆರಳೆಲ್ಲ ನೀಲಿ:
ಜೀನ್ಸಿನ ಬಣ್ಣ ಯಾವ ಸೋಪಿಗೂ ಬಗ್ಗದೆ
ಉಗುರಿನ ಬುಡದಲ್ಲಿ ಮನೆ ಮಾಡಿಕೊಂಡಿದೆ.
ಆ ನೀಲಿಯಲ್ಲೇ ಹಳದಿಯನ್ನು ಎತ್ತಿದೆವು.

ಮೊದಲು ಉಪ್ಪು. ಆಮೇಲೆ ಖಾರ.
ಅದರ ಹಿಂದೆ ನಿಧಾನಕ್ಕೆ
ಕೆಂಡದಲ್ಲಿ ಸುಟ್ಟ ತೆನೆಯ ವಾಸನೆ.
ನನಗೆ ಹಾಗನ್ನಿಸಿತು.
ಬರೀ ಪಾಮಾಯಿಲು ಅಂದಳು ಖಾಸಿಂಬಿ,
ಅಂದು, ಇನ್ನೊಂದು ಹಿಡಿ ತೆಗೆದುಕೊಂಡಳು.

"ಇದೇನು ಹೊಸದಲ್ಲ ಬಿಡ್ರೇ,"
ಕಾಜಾ ಹಾಕುವ ದುರುಗಮ್ಮನ ತೀರ್ಪು,
"ನಮ್ಮ ಖಡಕ್ ರೊಟ್ಟೀನೇ.
ದುಂಡಗೆ ಬಡಿಯೋಕೆ ಬರದೋರು
ಮೂರು ಮೂಲೆಗೆ ಕತ್ತರಿಸ್ಯಾರೆ."
ಡಬ್ಬಿ ತೆಗೆದಳು: ತಳದಲ್ಲಿ ಗುರೆಳ್ಳು ಪುಡಿ,
ಅದರ ಮೇಲೆ ಎರಡು ಚಮಚ ಮೊಸರು.
ಅದ್ದಿದೆವು.
ಅದ್ದಿ ಸುಮ್ಮನಾದೆವು.

ಆಮೇಲೆ ಮಾತೋ ಮಾತು.
ಎಣ್ಣೆಗಾಯಿಯ ಮೇಲೆ ಉದುರಿಸಬೇಕು ಅಂತ ಒಬ್ಬಳು,
ಒಡೆದ ಮೊಟ್ಟೆಗೆ ಕಲಸಿ ಹೆಂಚಿಗೆ ಹುಯ್ಯಬೇಕು ಅಂತ ಖಾಸಿಂಬಿ,
ಬೆಲ್ಲದ ಪಾಕಕ್ಕೆ ಹಾಕಿದರೆ ಉಂಡೆ ಕಟ್ಟೀತೇ ಅಂತ ಹುಲುಗೆಮ್ಮ.
ಛೀ ಅಂದೆವು. ಹುಳಿಪುಡಿ ಹಾಕ್ಯಾರೆ ಅದಕ್ಕೆ.
ಲೆಕ್ಕ ಕೇಳಲು ಬಂದ ಸೂಪರ್‌ವೈಸರ್ ಗಾದಿಲಿಂಗ
ಬಂದದ್ದೇಕೆಂದು ಮರೆತು ಕೈ ಚಾಚಿದ.

ಕರೆಂಟು ಬಂತು.
ತಳದ ನುಚ್ಚು ನನ್ನ ಪಾಲಿಗೆ.
ವಕ್ರ ಹೊಲಿದು ರಿಜೆಕ್ಟಾದ ಒಂದು ಜೇಬು ಬಿದ್ದಿತ್ತು,
ಅದರೊಳಗೆ ತುಂಬಿಕೊಂಡು ಗುಗ್ಗರಹಟ್ಟಿಗೆ ನಡೆದೆ.

ಮನೆಯಲ್ಲಿ ಹಿಟ್ಟಿತ್ತು,
ಬಡಿಯಲು ತೋಳಿರಲಿಲ್ಲ.
ಬಾಣಲೆಗೆ ಎಣ್ಣೆ, ಸಾಸಿವೆ, ಕರಿಬೇವು,
ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ;
ಉಳ್ಳಾಗಡ್ಡಿ ಕೆಂಪಾಗುವಾಗ ಟೊಮ್ಯಾಟೊ,
ಟೊಮ್ಯಾಟೊ ಕರಗುವಾಗ ಪುಟಾಣಿ ಪುಡಿ.
ಮಂಡಕ್ಕಿ ಬೀಳಬೇಕಾದ ಜಾಗಕ್ಕೆ
ಜೇಬು ಕೊಡವಿದೆ.
ಎರಡೇ ಸುತ್ತು. ಬೇಗ.
ಹೊತ್ತಾದರೆ ಅಂಬಲಿ, ಆತುರಪಟ್ಟರೆ ಗಂಟಲಿಗೆ ಮುಳ್ಳು.
ನಡುವೆ ಒಂದು ಕ್ಷಣವಿದೆ,
ಅರ್ಧ ಮೆತ್ತಗೆ, ಅರ್ಧ ಗರಿಗರಿ.
ಅದು ಕಣ್ಣಿಗೆ ಕಾಣದು,
ಸೌಟಿನ ಸದ್ದಿನಲ್ಲಿ ಹಿಡಿಯಬೇಕು.

ಅತ್ತೆ ಸುಂಕಲಮ್ಮ ತಟ್ಟೆಗೆ ಬಗ್ಗಿದಳು.
"ಏನಿದು ಒಗ್ಗರಣಿ?"
"ಮೆಕ್ಕೆಜೋಳದ್ದು."
"ಕೋಳಿಗೆ ಹಾಕೋದಾ?"

ಇಪ್ಪತ್ತು ವರ್ಷ ಕುರುಗೋಡಿನ ಹೊಲಗಳಲ್ಲಿ ತೆನೆ ಮುರಿದವಳು,
ಚೀಲದ ಬಾಯಿ ಹೊಲಿದು ಲಾರಿ ಹತ್ತಿಸಿದವಳು,
ಒಣಗಿದ ಮೇಲೆ ಒಂದು ಕಾಳೂ ಬಾಯಿಗಿಟ್ಟವಳಲ್ಲ.
ಜೋಳ ಅಂದರೆ ಅವಳಿಗೆ ಬಿಳಿಯದು,
ಎಳ್ಳಮಾಸಿಗೆ ಚರಗ ಚೆಲ್ಲುವಂಥದ್ದು.
ಹಳದಿಯದು ಪೇಟೆಯದು, ತೂಕದ ಚೀಟಿಯದು.

ಮೊಣಕೈಯಿಂದ ತಟ್ಟೆ ಸರಿಸಿದಳು.
ನಾನು ಒತ್ತಾಯಿಸಲಿಲ್ಲ.
ಅರ್ಧ ನಿಂಬೆಹಣ್ಣು ಹಿಂಡಿ, ಅಲ್ಲೇ ಬಿಟ್ಟು
ಬಚ್ಚಲಿಗೆ ಹೋಗಿ ಬೆರಳುಜ್ಜುತ್ತ ಕೂತೆ.

ಅವಳಿಗಿರುವುದು ಎಡಗಡೆ ಮೂರೇ ದವಡೆ ಹಲ್ಲು.
ಬಾಗಿಲಾಚೆಯಿಂದ ಕೇಳಿಸಿತು:

ಕುರುಂ.
ತಡೆದು, ಇನ್ನೊಮ್ಮೆ.

ನಲ್ಲಿಯನ್ನು ಜೋರಾಗಿ ತಿರುಗಿಸಿದೆ,
ನನಗೆ ಕೇಳಿಸಲಿಲ್ಲವೆಂದು
ಅವಳಿಗೆ ಕೇಳಿಸಲಿ ಅಂತ.