ಎಂಟು ಸೆಕೆಂಡಿನ ಕಡಲು

ಮೊಯ್ನಾಕ್‌ನಲ್ಲಿ ದೋಣಿಗೇನು ಬರವಿಲ್ಲ.
ಮರಳ ಮೇಲೆ ಸಾಲಾಗಿ ತುಕ್ಕು ಹಿಡಿದಿವೆ,
ಪ್ರವಾಸಿಗರು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ.
ಕಡಲು ಮಾತ್ರ ನಾನು ಹುಟ್ಟುವ ಮೊದಲೇ
ಎದ್ದು ಹೋಗಿತ್ತು, ಹತ್ತಿ ಹೊಲಗಳ ಕಡೆಗೆ.

ನನ್ನ ಚಿತ್ರಕ್ಕೆ ಬೇಕಾದದ್ದು ಒಂದೇ ಒಂದು ಶಾಟು:
ಅರವತ್ತೆರಡನೇ ಇಸವಿಯ ಮುಂಜಾನೆ,
ಬಲೆ ಎಳೆಯುವ ನಾಲ್ವರು,
ಹಿಂದೆ ಮೀನಿನ ಡಬ್ಬಿ ಕಾರ್ಖಾನೆಯ ಹೊಗೆ.
ನುಕುಸ್‌ನ ಬ್ಯಾಂಕಿನವರು ನಕ್ಕರು.
ತಾಷ್ಕೆಂಟಿನ ನಿರ್ಮಾಪಕ ನಗಲೂ ಇಲ್ಲ, ಫೋನಿಟ್ಟ.
ಕ್ಯಾಮೆರಾದ ಸೇತ್‌ಜಾನ್ ಮದುವೆ ವಿಡಿಯೋಗಳಿಗೆ ವಾಪಸಾದ,
ಟ್ರೈಪಾಡು ನನ್ನಲ್ಲೇ ಬಿಟ್ಟು.
ಹಾಗಾಗಿ ತಿಂಗಳ ಬಾಡಿಗೆಗೆ ಒಂದು ಯಂತ್ರ,
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ನನ್ನ ಮುರುಕು ಇಂಗ್ಲಿಷು. ನಮ್ಮ ಮಾತು ಅದಕ್ಕೆ ಬಾರದು.

ಕಡಲು ಅಂದೆ. ಕೊಟ್ಟಿತು
ಮಧುಚಂದ್ರದ ಕ್ಯಾಲೆಂಡರಿನ ನೀಲಿ, ದಡದಲ್ಲೊಂದು ತೆಂಗು.
ತೆಂಗು ಬೇಡ ಅಂದೆ. ಇನ್ನೂ ಎರಡು ನೆಟ್ಟಿತು.
ಮೀನುಗಾರರು ಅಂದೆ. ಒಬ್ಬನಿಗೆ ಆರು ಬೆರಳು,
ಇನ್ನೊಬ್ಬ ಬಲೆಯೊಳಕ್ಕೇ ಕರಗಿ ಹೋದ,
ಮೀನೊಂದು ನೀರು ಮುಟ್ಟದೆ
ಗಾಳಿಯಿಂದ ಗಾಳಿಗೆ ಹಾರಿತು.
ದಿನಕ್ಕಿಷ್ಟೇ ಎಂದು ಅಳೆದುಕೊಟ್ಟ ಕ್ರೆಡಿಟ್ಟು
ನಲ್ಲಿ ನೀರಿನ ಹಾಗೆ ಮಧ್ಯಾಹ್ನಕ್ಕೇ ನಿಂತಿತು.

ಒಂಬತ್ತನೇ ದಿನ ಓತೆನಿಯಾಜ್‌ರನ್ನು ಕರೆತಂದೆ.
ಎಂಬತ್ತೊಂದು ವಯಸ್ಸು. ಹದಿನಾರಕ್ಕೇ ದೋಣಿ ಹತ್ತಿದವರು.
ಹಸಿರು ಚಹಾ ಊದುತ್ತ, ಕನ್ನಡಕವಿಲ್ಲದೆ,
ಪರದೆಗೆ ಮೂಗು ತಾಗುವಷ್ಟು ಬಗ್ಗಿ ಬೈದರು:
"ಯಾವ ಊರಿನ ಅಲೆ ಇದು? ಇಷ್ಟು ಎತ್ತರ, ಇಷ್ಟು ಸೊಕ್ಕು!
ನಮ್ಮದು ಗಿಡ್ಡ ಅಲೆ ಮಗಳೇ, ಒತ್ತೊತ್ತಾಗಿ ಬರುತ್ತಿತ್ತು,
ಜಗಳಗಂಟಿ ನಾದಿನಿಯ ಮಾತಿನ ಹಾಗೆ.
ಬಣ್ಣ ನೀಲಿಯಲ್ಲ,
ತೊಳೆದ ಚಹಾ ಬಟ್ಟಲಿನ ಒಳಗಿನ ಬಣ್ಣ.
ಎಡಗೈಯಲ್ಲಿ ಬಲೆ ಎಳೆಯುತ್ತಾರೇನು, ಪೆದ್ದೇ?"
ಪೆದ್ದೇ ಅಂದದ್ದು ನನಗೋ ಯಂತ್ರಕ್ಕೋ
ತಿಳಿಯಲಿಲ್ಲ.

ಟೈಪಿಸುತ್ತ ಹೋದೆ. ಗಿಡ್ಡ. ಒತ್ತೊತ್ತು.
ನಾದಿನಿಯನ್ನು ಬಿಟ್ಟಿದ್ದೆ,
ಆಮೇಲೆ ತಡೆಯಲಾರದೆ ಅವಳನ್ನೂ ಹಾಕಿದೆ.
ಮೂಡಿದಳು, ಹಸಿರು ಸ್ಕಾರ್ಫಿನಲ್ಲಿ,
ನೀರಿನ ನಡುವೆ ಸೊಂಟಕ್ಕೆ ಕೈಯಿಟ್ಟು.
ಮುದುಕರು ಕೆಮ್ಮು ಬರುವಷ್ಟು ನಕ್ಕರು.

ಹತ್ತೊಂಬತ್ತನೇ ಸಲಕ್ಕೆ ಬಂತು
ಟಾರು ಬಳಿದ ದೋಣಿ. ಮೂತಿಯ ಮೇಲೆ ಬಿಳಿಯಲ್ಲಿ
ಯಾವ ಲಿಪಿಯವೂ ಅಲ್ಲದ,
ಅಕ್ಷರದ ವೇಷ ತೊಟ್ಟ ಗೀರುಗಳು.
ಅಳಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅವರು ಓದಿದರು,
ಹಾಜರಿ ಕೂಗಿದ ಹಾಗೆ, ಗಟ್ಟಿಯಾಗಿ:
"ನಲವತ್ತೇಳು. ಬಾಲ್ತಾಬಾಯ್‌ನ ದೋಣಿ."
ಅಲೆ ಪರದೆಯ ಅಂಚಿಗೆ ಬಂದಾಗ
ಮೇಜಿನ ಕೆಳಗೆ ಎರಡೂ ಕಾಲು
ಮೇಲಕ್ಕೆತ್ತಿಕೊಂಡರು,
ಬೂಟು ನೆನೆಯದ ಹಾಗೆ.

ಎಂಟು ಸೆಕೆಂಡು. ಮತ್ತೆ ಹಾಕು ಅಂದರು. ಎಂಟು ಸೆಕೆಂಡು.
ಮತ್ತೆ.

ಶಾಟಿನ ಕೆಳಗೆ ಏನಂತ ಬರೆಯಲಿ?
ಈ ಕಡಲು ನಿಜವಲ್ಲ, ದೋಣಿಯ ನಂಬರು ಮಾತ್ರ...
ಸಾಲನ್ನು ಅರ್ಧಕ್ಕೇ ಬಿಟ್ಟೆ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಇಲ್ಲಿ ಉಪ್ಪನ್ನೇ ಉಸಿರಾಡುವವರು ನಾವು,
ನೀರು ಕುಡಿದವರು ಇನ್ಯಾರೋ.

"ಇಷ್ಟು ನೀರು ಎಲ್ಲಿಂದ ತರುತ್ತದೆ ಇದು?"
ಕೇಳಿದರು ಕೊನೆಗೆ, ಬಟ್ಟಲು ಬೋರಲು ಹಾಕಿ.
ನಾನು ಓದಿದ್ದೆ: ದೂರದಲ್ಲೆಲ್ಲೋ ಕಿಟಕಿಯಿಲ್ಲದ ಕಟ್ಟಡಗಳು,
ಒಳಗೆ ಬಿಸಿಯೇರುವ ಯಂತ್ರಗಳು, ತಣಿಸುವುದಕ್ಕೆ
ಯಾವುದೋ ಊರಿನ ನದಿ, ಯಾವುದೋ ಊರಿನ ಬಾವಿ.
ಹೇಳಲಿಲ್ಲ. "ಗೊತ್ತಿಲ್ಲ ಅಜ್ಜ" ಅಂದೆ.
"ಗೊತ್ತಿಲ್ಲ ಅಂತಲೇ ಅವರೂ ಹೇಳಿದ್ದರು,
ಕಾಲುವೆ ತೋಡುವಾಗ."

ಟೋಪಿ ತಲೆಗೇರಿಸಿ ಹೊರಟವರು
ಹೊಸ್ತಿಲಲ್ಲಿ ನಿಂತು ತಿರುಗಿದರು:
"ಆ ಎಡಗೈ ಸರಿಮಾಡು."